12 ಇಂಚಿನ ಸಬ್‌ವೂಫರ್ (ಬಾಸ್ ಸದ್ದಿನ ಸ್ಪೀಕರ್) ಇದೆ. ಕಾರಿನ ಡಿಕ್ಕಿಗೆ ಬಾಕ್ಸ್ ನಾನೇ ಮಾಡಬಹುದಾ?

ಖಂಡಿತ ಮಾಡಬಹುದು. ಮೊದಲ ಸಲ ಆದರೆ ಪೂರ್ತಿ ಮುಚ್ಚಿದ ಬಾಕ್ಸ್ ಮಾಡಿ. ಪೋರ್ಟ್, ಅಂದರೆ ಗಾಳಿ ಆಡುವ ಕಿಂಡಿ, ಇರುವ ಬಾಕ್ಸಿನಲ್ಲಿ ಸದ್ದು ಜಾಸ್ತಿ ನಿಜ, ಆದರೆ ಪೋರ್ಟಿನ ಅಳತೆ ತಪ್ಪಿದರೆ ಟ್ಯೂನಿಂಗ್ ಕೆಡುತ್ತದೆ. ಮುಚ್ಚಿದ್ದರಲ್ಲಿ ಡ್ರಮ್ಮಿನ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳುತ್ತದೆ. ನನಗಂತೂ ಅದೇ ಇಷ್ಟ.

ಬಾಕ್ಸ್ ಎಷ್ಟು ದೊಡ್ಡದಿರಬೇಕು ಅಂತ ವೂಫರ್ ಜೊತೆ ಬರುವ ಹಾಳೆಯಲ್ಲೇ ಇರುತ್ತದೆ. 1 ಘನ ಅಡಿ ಅಂತಿದೆ ಅಂದುಕೊಳ್ಳಿ, ಅಂದರೆ 1728 ಘನ ಇಂಚು. ಒಳಗಡೆ 14 × 14 × 9.5 ಇಂಚು ಇಟ್ಟರೆ 1862 ಬರುತ್ತದೆ. ಮಿಕ್ಕಿದ್ದು ವೂಫರಿನ ಮ್ಯಾಗ್ನೆಟ್ಟು, ಫ್ರೇಮು ತಿನ್ನುವ ಜಾಗಕ್ಕೆ. ನೆನಪಿಡಿ, ಇದು ಒಳ ಅಳತೆ. 18 ಎಂಎಂ ಹಲಗೆ ಹಾಕಿದರೆ ಹೊರಗಡೆ ಉದ್ದ, ಅಗಲ, ಎತ್ತರ ಮೂರೂ ಸುಮಾರು ಒಂದೂವರೆ ಇಂಚು ಬೆಳೆಯುತ್ತವೆ. ಹಲಗೆ ಕೊಯ್ಯಿಸುವ ಮೊದಲೇ ಡಿಕ್ಕಿಯ ಬಾಯಿ ಅಳೆದುಕೊಳ್ಳಿ.

ಹಲಗೆಗೆ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಸಾಕು, ನೀರು ಮಾತ್ರ ತಾಗಬಾರದು. ಅಂಚಿಗೆ ಸುಮ್ನೆ ಸ್ಕ್ರೂ ಹೊಡೆದರೆ ಸೀಳುತ್ತದೆ, ಮೊದಲು ಸಣ್ಣ ತೂತು ಕೊರೆಯಿರಿ. ಜೋಡಣೆಗೆ ಮರದ ಅಂಟು, ಒಳಮೂಲೆಗಳಿಗೆ ಸಿಲಿಕೋನ್. ಅದು ಒಣಗಿ ವಾಸನೆ ಪೂರ್ತಿ ಹೋದ ಮೇಲೆಯೇ ವೂಫರ್ ಕೂರಿಸಿ. ಆಮೇಲೆ ವೂಫರಿನ ಕೋನನ್ನು (ಮುಂದೆ ಕಾಣುವ, ಅದುರುವ ಭಾಗ) ಅಂಗೈಯಿಂದ ಮೆಲ್ಲಗೆ ಒತ್ತಿ ಬಿಡಿ. ನಿಧಾನಕ್ಕೆ ವಾಪಸ್ ಬಂದರೆ ಗಾಳಿ ಸೋರುತ್ತಿಲ್ಲ ಅಂತ ಅರ್ಥ.

ಆಂಪ್ಲಿಫೈಯರಿನ ವೈರಿಗೆ ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಹಾಕಿಸಿ. ಬಾಕ್ಸನ್ನು ಬೆಲ್ಟಿನಿಂದಲೋ ಬೋಲ್ಟಿನಿಂದಲೋ ಬಿಗಿಯಲೇಬೇಕು. ಅಷ್ಟು ಭಾರದ್ದು ಜೋರು ಬ್ರೇಕಿಗೆ ಮುಂದೆ ನುಗ್ಗಿದರೆ ಹಿಂದಿನ ಸೀಟಿನಲ್ಲಿ ಕೂತವರಿಗೆ ಅಪಾಯ.