ಹಿಡಿಸೂಡಿಯಲ್ಲಿ ಸಿಕ್ಕಿದ ಕೂದಲು ಲೆಕ್ಕ ಮಾಡುದು ಬಿಡಿ

ಪ್ರಶ್ನೆ: ಮೇಡಂ, ನಮ್ಮ ಮನೆ ಸುರತ್ಕಲ್ ಹತ್ರ. ಗಂಡ ದುಬೈಯಲ್ಲಿ, ಇಲ್ಲಿ ನಾನು, ಅತ್ತೆ ಮತ್ತೆ 11 ವರ್ಷದ ಮಗಳು. ಮೂರು ತಿಂಗಳ ಹಿಂದೆ ಜಡೆ ಹಾಕುವಾಗ ಅವಳ ಎಡಕಿವಿ ಮೇಲೆ ಎಂಟಾಣೆಯಷ್ಟು ಜಾಗ ಬೋಳು ಕಂಡಿತು. ಹುಳ ತಿಂದದ್ದು ಅಂತ ದಾಸವಾಳ ಎಲೆ, ಎಣ್ಣೆ ಎಲ್ಲ ಹಚ್ಚಿದೆ, ಈಗ ಅಂಗೈ ಅಗಲ ಆಗಿದೆ. ಸ್ಕಿನ್ ಡಾಕ್ಟರ್ ಲೆನ್ಸ್ ಹಿಡಿದು ನೋಡಿ "ಇದು ಉದುರಿದ್ದಲ್ಲ, ಅವಳೇ ಕೀಳ್ತಿದ್ದಾಳೆ" ಹೇಳಿದ್ರು. ಕೇಳಿದ್ರೆ ಇಲ್ಲ ಅಂತಾಳೆ. ಆದ್ರೆ ದಿನಾ ಸ್ಟಡಿ ಟೇಬಲ್ ಅಡಿ ಗುಡಿಸುವಾಗ ಕೂದಲು ಸಿಗ್ತದೆ, ನಿನ್ನೆ 43 ಇತ್ತು. ಬೈದೆ, ಪೆಟ್ಟೂ ಕೊಟ್ಟೆ, ಬೆರಳಿಗೆ ಬೇವಿನೆಣ್ಣೆ ಹಚ್ಚಿದೆ, ರಾತ್ರಿ ಕೈಗೆ ಸಾಕ್ಸ್ ಹಾಕಿದೆ. ದೇವರ ಮುಂದೆ ಪ್ರಾಮಿಸ್ ಮಾಡ್ತಾಳೆ, ಮರುದಿನ ಅದೇ ಕಥೆ. ಅತ್ತೆ ನಾಗದೋಷ ಅಂತಾರೆ, ಧರ್ಮಸ್ಥಳದಲ್ಲಿ ಮುಡಿ ಕೊಡಿಸುವ ಅಂತಾರೆ. ಪಕ್ಕದ ಮನೆಯವರು ಮೊಬೈಲಿಂದ ಬಂದ ರೋಗ ಅಂತಾರೆ. ಬೆಂಗಳೂರಲ್ಲಿರುವ ತಮ್ಮ ಎನ್-ಅಸಿಟೈಲ್ ಸಿಸ್ಟೀನ್ ಅಂತ ಮಾತ್ರೆ ಉಂಟು, ಆನ್‌ಲೈನಲ್ಲಿ ತರಿಸಿ ಕೊಡ್ತೇನೆ ಅಂತಾನೆ. ಡಿಸೆಂಬರಲ್ಲಿ ತಂಗಿ ಮದುವೆ, ಮಗಳು ಈಗಲೇ "ನಾನು ಬರುದಿಲ್ಲ, ಮಲ್ಲಿಗೆ ಮುಡಿಯುದಿಲ್ಲ" ಅಂತ ಅಳ್ತಾಳೆ. ಅವಳಿಗೆ ಮಂಡೆ ಸರಿ ಇಲ್ವಾ? ನಾನೆಲ್ಲಿ ತಪ್ಪಿದೆ?

ಉತ್ತರ: ನಿಮ್ಮ ಪತ್ರ ಓದಿ ನಾನು ತುಂಬಾ ಹೊತ್ತು ಆ 43ರ ಹತ್ರವೇ ನಿಂತೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ನೀವು ಟೇಬಲ್ ಅಡಿಗೆ ಬಗ್ಗಿ, ಹಿಡಿಸೂಡಿಯ ಕಡ್ಡಿ ಮಧ್ಯೆ ಸಿಕ್ಕಿದ ಕೂದಲನ್ನು ಒಂದೊಂದೇ ಬಿಡಿಸಿ ಎಣಿಸ್ತಿದ್ದೀರಿ, ಮಗಳು ಆಚೆ ರೂಮಲ್ಲಿ ಉಸಿರು ಬಿಗಿ ಹಿಡ್ಕೊಂಡು ಕೂತಿದ್ದಾಳೆ ಇವತ್ತು ಎಷ್ಟು ಬರ್ತದೋ ಅಂತ. ಅದನ್ನು ಇವತ್ತಿಂದಲೇ ನಿಲ್ಲಿಸಿ ಮಾರಾಯ್ರೆ, ಉಳಿದದ್ದೆಲ್ಲ ಆಮೇಲೆ ಮಾತಾಡುವ. ಎಣಿಸಿದ್ರೆ ಅವಳು ಕೀಳುದು ಕಮ್ಮಿ ಆಗುದಿಲ್ಲ, ಅಡಗಿಸುದು ಜಾಸ್ತಿ ಆಗ್ತದೆ, ನಾಳೆ ನಿಮಗೆ ಟೇಬಲ್ ಅಡಿ ಸೊನ್ನೆ ಸಿಗಬಹುದು, ಕೂದಲು ಮಂಚದ ಹಿಂದೆಯೋ ಬಾತ್‌ರೂಮಲ್ಲೋ ಇರ್ತದೆ ಅಷ್ಟೆ.

ಮಂಡೆ ಸರಿ ಉಂಟು, ಚೆನ್ನಾಗಿಯೇ ಉಂಟು. ಇದಕ್ಕೆ ಡಾಕ್ಟರುಗಳು ಟ್ರೈಕೋಟಿಲೋಮೇನಿಯಾ ಅಂತ ಹೇಳ್ತಾರೆ, ಹೆಸರು ಕೇಳಿಯೇ ಹೆದರಬೇಡಿ. ಉಗುರು ಕಚ್ಚುದು, ಗಾಯದ ಹಕ್ಕಳೆ ಕಿತ್ತು ಕಿತ್ತು ತೆಗೆಯುದು, ಇವೆಲ್ಲದರ ಜಾತಿಯೇ ಇದು, ಸ್ವಲ್ಪ ಜೋರಿನದ್ದು. ನೂರು ಜನರಲ್ಲಿ ಒಬ್ಬಿಬ್ಬರಿಗೆ ಇರ್ತದೆ, ಹೆಚ್ಚಾಗಿ ಶುರು ಆಗುದೇ 10ರಿಂದ 13 ವರ್ಷದ ಒಳಗೆ, ಅಂದ್ರೆ ನಿಮ್ಮ ಮಗಳದ್ದು ಸರಿಯಾಗಿ ಆ ಪ್ರಾಯವೇ. ಪಕ್ಕದ ಮನೆಯವರಿಗೆ ಹೇಳಿ, ಈ ಹೆಸರು ಇಟ್ಟದ್ದು ಹಲೋಪೊ ಅಂತ ಒಬ್ಬ ಫ್ರೆಂಚ್ ಚರ್ಮದ ಡಾಕ್ಟರು, 1889ರಲ್ಲಿ, ಆಗ ಯಾವ ಮೊಬೈಲ್ ಇತ್ತು ಅಂತ. ಕಾರಣ ಅಂತ ಒಂದನ್ನೇ ಬೆರಳು ತೋರಿಸ್ಲಿಕ್ಕೆ ಆಗುದಿಲ್ಲ, ಕೆಲವು ಕುಟುಂಬಗಳಲ್ಲಿ ಜಾಸ್ತಿ ಕಾಣ್ತದೆ, ಆದ್ರೆ ಅಮ್ಮ ಜೋರು ಮಾಡಿದ್ರು, ಅಪ್ಪ ಊರಲ್ಲಿಲ್ಲ ಅಂತ ಬರುವ ರೋಗ ಇದಲ್ಲ. ನೀವು ತಪ್ಪಿದ್ದು ಮಗಳನ್ನು ಬೆಳೆಸುದ್ರಲ್ಲಿ ಅಲ್ಲ, ಈ ಮೂರು ತಿಂಗಳು ಪೊಲೀಸ್ ಕೆಲಸ ಮಾಡಿದ್ದರಲ್ಲಿ. ಅದೂ ಹೆದರಿಕೆಯಲ್ಲಿ ಮಾಡಿದ್ದು, ನಂಗೆ ಅರ್ಥ ಆಗ್ತದೆ.

ಒಂದು ಅರ್ಜೆಂಟ್ ವಿಷಯ ಮೊದಲು ಕೇಳಿ ಮುಗಿಸಿ. ಕಿತ್ತ ಕೂದಲನ್ನು ಅವಳು ಎಂತ ಮಾಡ್ತಾಳೆ? ತುಂಬಾ ಮಕ್ಕಳು ಕಿತ್ತ ಕೂಡಲೇ ಬಿಸಾಡುದಿಲ್ಲ, ಬುಡದಲ್ಲಿ ಬೆಳ್ಳಗೆ ಒಂದು ಸಣ್ಣ ಗುಳ್ಳೆ ತರ ಇರ್ತದಲ್ಲ ಅದನ್ನು ನೋಡ್ತಾರೆ, ತುಟಿಗೆ ಉಜ್ಜಿಕೊಳ್ತಾರೆ, ಹಲ್ಲಲ್ಲಿ ಕಚ್ಚುತ್ತಾರೆ, ಅಷ್ಟಕ್ಕೆ ಗಾಬರಿ ಬೇಡ. ಆದ್ರೆ ನುಂಗುವ ಅಭ್ಯಾಸ ಇದ್ರೆ ಹುಷಾರು, ಕೂದಲು ಹೊಟ್ಟೆಯಲ್ಲಿ ಕರಗುದಿಲ್ಲ, ಅಲ್ಲೇ ಸುತ್ತಿ ಸುತ್ತಿ ಉಂಡೆ ಆಗ್ತದೆ, ಕೆಲವೊಮ್ಮೆ ಅದರ ಬಾಲ ಸಣ್ಣ ಕರುಳಿನವರೆಗೆ ಇಳಿದು ಆಪರೇಷನ್ ಮಾಡಿ ತೆಗಿಬೇಕಾಗ್ತದೆ. ಹೊಟ್ಟೆನೋವು, ವಾಂತಿ, ಎರಡು ತುತ್ತಿಗೇ ಹೊಟ್ಟೆ ತುಂಬಿತು ಅನ್ನುದು, ತೂಕ ಇಳಿಯುದು, ಇದ್ರಲ್ಲಿ ಒಂದಿದ್ರೂ ಕಾಯದೆ ಡಾಕ್ಟರಿಗೆ ತೋರಿಸಿ, ಕೂದಲು ಕೀಳುವ ವಿಷಯ ಬಾಯಿಬಿಟ್ಟು ಹೇಳಿ, ನಾಚಿಕೆ ಮಾಡಿ ಮುಚ್ಚಿಟ್ರೆ ಅವರು ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು ಕಳಿಸ್ತಾರೆ. ಮಗಳನ್ನು ಕೇಳುವಾಗ ಮುಖ ಸಿಂಡರಿಸದೆ ಕೇಳಿ, "ಕೆಲವು ಮಕ್ಕಳು ಬಾಯಿಗೆ ಹಾಕ್ತಾರಂತೆ, ನಿಂಗೂ ಹಾಗೆ ಆಗ್ತದಾ?" ಅಂತ ಊಟಕ್ಕೆ ಬಡಿಸ್ತಾ ಬಡಿಸ್ತಾ ಕೇಳಿದ ಹಾಗೆ.

ಇನ್ನು ಅವಳು "ಇಲ್ಲ" ಹೇಳುದು. ಅದು ಪೂರ್ತಿ ಸುಳ್ಳು ಅಂತ ನಂಗನಿಸುದಿಲ್ಲ. ಕೂದಲು ಕೀಳುದ್ರಲ್ಲಿ ಎರಡು ನಮೂನೆ ಉಂಟು. ಒಂದು, ಓದುವಾಗ ಟಿವಿ ನೋಡುವಾಗ ಕೈ ತನ್ನಷ್ಟಕ್ಕೇ ಮೇಲೆ ಹೋಗುದು, ನಾಲ್ಕು ಕಿತ್ತ ಮೇಲೆಯೇ ಗೊತ್ತಾಗುದು. ಇನ್ನೊಂದು, ಒಳಗೆ ಎಂತದೋ ಕಿರಿಕಿರಿ ಏರ್ತಾ ಹೋಗಿ, ಒಂದು ಕಿತ್ತರೆ "ಹಾ" ಅಂತ ಸ್ವಲ್ಪ ಹಗುರ ಆಗುದು, ಆಮೇಲೆ ಕೂಡಲೇ ನಾಚಿಕೆ. ಒಂದೇ ಮಗುವಲ್ಲಿ ಎರಡೂ ಇರಬಹುದು. ನಾನೇ ಈ ಅಂಕಣ ಬರೆಯುವಾಗ ಹುಬ್ಬು ಎಳೀತಾ ಇರ್ತೇನೆ, ಮನೆಯವರು ಹೇಳಿದ ಮೇಲೆಯೇ ನಂಗೆ ಗೊತ್ತಾಗುದು, ನಾನು ಐವತ್ತು ದಾಟಿದವಳು, ಹಾಗಿರುವಾಗ ಹನ್ನೊಂದರ ಮಗುವಿನ ಹತ್ರ "ಯಾಕೆ ಮಾಡಿದ್ದು?" ಅಂತ ಕೇಳಿದ್ರೆ ಅದು ಎಂತ ಹೇಳ್ಬೇಕು? ಪ್ರಾಮಿಸ್ ಮಾಡಿದ್ದು ಬಾಯಿ, ಕೀಳುದು ಕೈ. ಆ ಪ್ರಾಮಿಸ್ ಮುರಿದಾಗೆಲ್ಲ ಅವಳಿಗೆ ನಾನು ದೇವರಿಗೂ ಮೋಸ ಮಾಡಿದೆ ಅಂತ ಇನ್ನೊಂದು ಭಾರ. ಇನ್ನು ಮುಂದೆ ಪ್ರಾಮಿಸ್ ಕೇಳಲೇಬೇಡಿ.

ಹಾಗಾದ್ರೆ ಮಾಡುದೆಂತ? ಕೈಗೆ ಗೊತ್ತಾಗುವ ಹಾಗೆ ಮಾಡುದು. ಇದಕ್ಕೆ ಹೆಚ್ಚು ಕೆಲಸ ಮಾಡುವ ಟ್ರೀಟ್‌ಮೆಂಟ್ ಅಭ್ಯಾಸ ತಿರುಗಿಸುವ ತರಬೇತಿ, ಹ್ಯಾಬಿಟ್ ರಿವರ್ಸಲ್ ಅಂತ, ಅಜ್ರಿನ್ ಮತ್ತೆ ನನ್ ಅಂತ ಇಬ್ಬರು ಸೈಕಾಲಜಿಸ್ಟ್‌ಗಳು 1973ರಲ್ಲಿ ಬರೆದು ಇಟ್ಟದ್ದು, ಇವತ್ತಿಗೂ ಅದರ ಬುಡ ಹಾಗೇ ಉಂಟು. ಅದನ್ನು ಕಲಿಸ್ಲಿಕ್ಕೆ ಕ್ಲಿನಿಕಲ್ ಸೈಕಾಲಜಿಸ್ಟ್ ಬೇಕು, ಆದ್ರೆ ಅಪಾಯಿಂಟ್‌ಮೆಂಟ್ ಸಿಗುವವರೆಗೆ ಮನೆಯಲ್ಲಿ ನೆಲ ಹದ ಮಾಡಬಹುದು.

ಮೊದಲ ವಾರ ಎಂತದೂ ನಿಲ್ಲಿಸ್ಲಿಕ್ಕೆ ಹೋಗಬೇಡಿ, ಇಬ್ಬರೂ ಸೇರಿ ಪತ್ತೇದಾರಿ ಮಾಡಿ, ಅವಳೇ ಮುಖ್ಯ ಪತ್ತೇದಾರಿ ನೀವು ಅಸಿಸ್ಟೆಂಟ್. ಯಾವ ಕೈ? ಬೋಳು ಎಡಗಡೆ ಅಂದ್ರೆ ಪ್ರಾಯಶಃ ಬಲಗೈಯಲ್ಲಿ ಬರೀತಾ ಎಡಮೊಣಕೈ ಟೇಬಲಿಗೆ ಊರಿ ಕೂರ್ತಾಳೆ, ಎಡಗೈ ಖಾಲಿ, ತಲೆ ಅದರ ಪಕ್ಕದಲ್ಲೇ. ಯಾವ ಹೊತ್ತು? ಗಣಿತವಾ ಟಿವಿಯಾ, ಇಲ್ಲ ಮಲಗುವ ಮೊದಲಾ? ಯಾವ ಕೂದಲು? ಹೆಚ್ಚಿನವರ ಬೆರಳು ತಲೆಯಲ್ಲಿ ಹುಡುಕ್ತದೆ, ದಪ್ಪದ್ದು, ಒರಟಿನದ್ದು, ಗುಂಗುರಾಗಿ ಬೇರೆ ತರ ಇರುವಂಥದ್ದು ಸಿಕ್ಕಿದ ಮೇಲೆಯೇ ಎಳೆಯುದು. ಇದನ್ನು ಒಂದು ಸಣ್ಣ ಪುಸ್ತಕದಲ್ಲಿ ಅವಳೇ ಬರೀಲಿ, ನಿಮಗೆ ತೋರಿಸಬೇಕಂತ ಇಲ್ಲ. ಟೆನ್ಶನ್ ಮಾತ್ರ ಕಾರಣ ಅಂತ ಹುಡುಕ್ಲಿಕ್ಕೆ ಹೋಗಬೇಡಿ, ಬೋರ್ ಆದಾಗಲೂ ಅಷ್ಟೇ ಕೀಳ್ತಾರೆ.

ಗೊತ್ತಾದ ಮೇಲೆ ಕೈಯ ದಾರಿಗೆ ಅಡ್ಡ ಇಡುದು. ಆ ಎರಡು ಬೆರಳ ತುದಿಗೆ ಬ್ಯಾಂಡೇಜ್ ಪಟ್ಟಿ ಸುತ್ತಿದ್ರೆ ಕೂದಲ ಒರಟು ಬೆರಳಿಗೆ ಸಿಗುದಿಲ್ಲ, ಓದುವಾಗ ತಲೆಗೊಂದು ಸ್ಕಾರ್ಫ್, ಕೈ ಊರ್ಲಿಕ್ಕೆ ಆಗದ ಹಾಗೆ ಟೇಬಲಿಂದ ಸ್ವಲ್ಪ ದೂರ ಕುರ್ಚಿ. ಬೇವಿನೆಣ್ಣೆಗೂ ಇದಕ್ಕೂ ಎಂತ ವ್ಯತ್ಯಾಸ ಅಂತ ಕೇಳ್ತೀರಿ. ಬೇವಿನೆಣ್ಣೆ ನೀವು ಅವಳಿಗೆ ಹಚ್ಚಿದ್ದು, ಪಟ್ಟಿ ಅವಳೇ ಅವಳಿಗೆ ಸುತ್ತಿಕೊಳ್ಳುದು. ಅವಳು ಬೇಡ ಅಂದ ಉಪಾಯವನ್ನು ಅಲ್ಲೇ ಬಿಟ್ಟುಬಿಡಿ, ಬೇರೆ ನೋಡುವ.

ಆಮೇಲೆ ಕೈಗೆ ಬದಲಿ ಕೆಲಸ. ಕೈ ಮೇಲೆ ಹೋಗುದು ಗೊತ್ತಾದ ಕೂಡಲೇ, ಇಲ್ಲ ಎಳೀಬೇಕು ಅನಿಸಿದ ಕೂಡಲೇ, ಮುಷ್ಟಿ ಬಿಗಿ ಹಿಡಿದು ಮಡಿಲಲ್ಲಿ ಒಂದು ನಿಮಿಷ ಇಟ್ಟುಕೊಳ್ಳುದು, ಆ ಆಸೆ ಏರಿ ಮತ್ತೆ ಇಳಿಯುವವರೆಗೆ. ಇದು ಕ್ಲಾಸಲ್ಲೂ ಯಾರಿಗೂ ಕಾಣದ ಹಾಗೆ ಮಾಡಬಹುದು. ಟಿವಿ ಮುಂದೆ ಕೂತಾಗ ಬೆರಳಿಗೆ ಬೇರೆ ಕೆಲಸ ಕೊಡಿ. ಪೇಟೆಯಲ್ಲಿ ಅದಕ್ಕೆ ಸಾವಿರ ನಮೂನೆ ಆಟಿಕೆ ಸಿಗ್ತದೆ, ನಂಗೆ ಕೇಳಿದ್ರೆ ಹಲಸಿನ ಬೀಜದ ಸಿಪ್ಪೆ ತೆಗೆಯುದು, ತೆಂಗಿನ ಗರಿಯಿಂದ ಹಿಡಿಸೂಡಿ ಕಡ್ಡಿ ಕೀಸುದು, ಬಾಳೆನಾರಲ್ಲಿ ಮಲ್ಲಿಗೆ ಕಟ್ಟುದು ಇದಕ್ಕೆಂತ ಕಮ್ಮಿ? ನಾರು ಬೆರಳಿಗೆ ಸುತ್ತಿ, ಮೊಗ್ಗಿನ ತೊಟ್ಟು ಸಿಕ್ಕಿಸಿ ಎಳೆಯುವಾಗ ಆ ಎರಡು ಬೆರಳಿಗೆ ಬೇರೆ ಎಂತ ಮಾಡ್ಲಿಕ್ಕೂ ಪುರುಸೊತ್ತಿಲ್ಲ. ಅತ್ತೆಗೆ ಕಟ್ಟಲಿಕ್ಕೆ ಬರ್ತದಲ್ಲ, ಅವರೇ ಕಲಿಸಲಿ. ನಾಗದೋಷದ ಮಾತೂ ಸ್ವಲ್ಪ ಕಮ್ಮಿ ಆಗಬಹುದು.

ಅತ್ತೆಗೆ ಸಮಾಧಾನ ಆಗ್ತದೆ ಅಂತಾದ್ರೆ ಕುಕ್ಕೆಯಲ್ಲಿ ಆಶ್ಲೇಷ ಬಲಿ ಮಾಡಿಸಿ, ಅದ್ರಲ್ಲಿ ನಂಗೆ ತಕರಾರಿಲ್ಲ, ಆದ್ರೆ ಮಗಳನ್ನು ಮಧ್ಯೆ ಕೂರಿಸಿ "ಇವಳ ದೋಷಕ್ಕೆ" ಅಂತ ಹತ್ತು ಜನರ ಎದುರು ಹೇಳಬೇಡಿ. ಮುಡಿ ಮಾತ್ರ ಅವಳಾಗಿ ಕೇಳದೆ ಬೇಡವೇ ಬೇಡ. ಬೋಳಿಸಿದ್ರೆ ಸ್ವಲ್ಪ ದಿನ ಕೀಳ್ಲಿಕ್ಕೆ ಸಿಗುದಿಲ್ಲ ನಿಜ, ಆದ್ರೆ ಅಭ್ಯಾಸ ಹೋಗುದಿಲ್ಲ, ಕೈ ಹುಬ್ಬಿಗೋ ಕಣ್ಣಿನ ರೆಪ್ಪೆಗೋ ಹೋಗಬಹುದು, ಮತ್ತೆ ಆರನೇ ಕ್ಲಾಸಿನ ಹುಡುಗಿಗೆ ಅದು ಹರಕೆ ಅಲ್ಲ, ಶಿಕ್ಷೆ.

ತಮ್ಮನ ಮಾತ್ರೆ ತರಿಸಬೇಡಿ. ಅವನು ಹೇಳಿದ್ದು ಬುಡ ಇಲ್ಲದ ಮಾತಲ್ಲ, ದೊಡ್ಡವರ ಮೇಲೆ ಮಾಡಿದ 2009ರ ಅಧ್ಯಯನದಲ್ಲಿ ಅದರಿಂದ ಪ್ರಯೋಜನ ಕಂಡಿತ್ತು, ಆದ್ರೆ ಮಕ್ಕಳ ಮೇಲೆ ಮಾಡಿದ 2013ರದ್ದರಲ್ಲಿ ಸುಮ್ಮನೆ ಕೊಟ್ಟ ಡಮ್ಮಿ ಮಾತ್ರೆಗಿಂತ ಹೆಚ್ಚೇನೂ ಆಗಲಿಲ್ಲ. ಮಕ್ಕಳ ಕೂದಲು ಕೀಳುದಕ್ಕೆ ಇದೇ ಅಂತ ಗಟ್ಟಿಯಾಗಿ ಹೇಳುವ ಮಾತ್ರೆ ಯಾವುದೂ ಇಲ್ಲ. ಜೊತೆಗೆ ತುಂಬಾ ಆತಂಕ, ಬೇಜಾರು ಇದ್ದಾಗ ಮನೋವೈದ್ಯರು ಅದಕ್ಕೆ ಬೇರೆ ಔಷಧಿ ಕೊಡಬಹುದು, ಅದನ್ನು ಅವರೇ ನೋಡಿ ಹೇಳಬೇಕು.

ಎಲ್ಲಿ ಹೋಗುದು ಅಂದ್ರೆ, ನಿಮಗೆ ಹತ್ರ ಮಂಗಳೂರಿನ ವೆನ್ಲಾಕ್ ಸರ್ಕಾರಿ ಆಸ್ಪತ್ರೆ, ಅಲ್ಲಿ ಮನೋವೈದ್ಯರು ಸಿಗ್ತಾರೆ. ಮಣಿಪಾಲದ ಕಡೆ ಹೋಗ್ಲಿಕ್ಕೆ ಆಗ್ತದಾದ್ರೆ ಅಲ್ಲಿ ಕ್ಲಿನಿಕಲ್ ಸೈಕಾಲಜಿಗೇ ಬೇರೆ ವಿಭಾಗ ಉಂಟು. ಹೋದಲ್ಲಿ "ಹ್ಯಾಬಿಟ್ ರಿವರ್ಸಲ್ ಮಾಡ್ತೀರಾ?" ಅಂತ ಬಾಯಿಬಿಟ್ಟು ಕೇಳಿ, ಯಾಕಂದ್ರೆ ಬರೀ "ಟೆನ್ಶನ್ ಮಾಡಬೇಡ ಪುಟ್ಟಾ" ಅಂತ ಬುದ್ಧಿ ಹೇಳಿ ಕಳಿಸಿದ್ರೆ ಇದಕ್ಕೆ ಸಾಕಾಗುದಿಲ್ಲ. ರಾತ್ರಿ ನಿಮಗೇ ತಡೆಯದೆ ಬಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ, ದಿನದ 24 ಗಂಟೆಯೂ ಉಂಟು.

ಶಾಲೆಯಲ್ಲಿ ಎರಡು ಜಡೆ ರಿಬ್ಬನ್ ಕಡ್ಡಾಯ ಅಂತಾದ್ರೆ ಕ್ಲಾಸ್ ಟೀಚರನ್ನು ಒಬ್ಬರೇ ಹೋಗಿ ಕಾಣಿ, ಬೈತಲೆ ತೆಗೆದು ಎರಡು ಜಡೆ ಹಾಕಿದ್ರೆ ಆ ಜಾಗ ಎದ್ದು ಕಾಣ್ತದೆ, ಅಗಲದ ಹೇರ್‌ಬ್ಯಾಂಡಿಗೆ ಒಪ್ಪಿಗೆ ಕೇಳಿ. ಗೆಳತಿಯರು ಕೇಳಿದ್ರೆ ಎಂತ ಹೇಳುದು ಅನ್ನುದನ್ನು ಅವಳೇ ತೀರ್ಮಾನ ಮಾಡ್ಲಿ, ಮನೆಯಲ್ಲಿ ಒಂದೆರಡು ಸಲ ಹೇಳಿ ನೋಡಿ ಪ್ರಾಕ್ಟೀಸ್ ಮಾಡಿ. "ಡಾಕ್ಟರ್ ಹತ್ರ ಮದ್ದು ಮಾಡ್ತಿದ್ದೇವೆ" ಅಂದ್ರೆ ಸುಳ್ಳೂ ಅಲ್ಲ, ಪೂರ್ತಿ ಹೇಳಿದ ಹಾಗೂ ಅಲ್ಲ. ಗಂಡನಿಗೂ ಹೇಳಿ, ವೀಡಿಯೋ ಕಾಲಲ್ಲಿ "ಎಲ್ಲಿ ತಲೆ ತೋರಿಸು" ಅನ್ನುದು ಬೇಡ, ಬೇರೆ ನೂರು ವಿಷಯ ಉಂಟಲ್ಲ ಮಗಳ ಹತ್ರ ಮಾತಾಡ್ಲಿಕ್ಕೆ.

ಇದು ಹೋದ ಹಾಗೆ ಮಾಡಿ ಮತ್ತೆ ಬರ್ತದೆ, ಅದನ್ನೂ ಈಗಲೇ ಹೇಳಿಬಿಡ್ತೇನೆ. ಎರಡು ತಿಂಗಳು ಚಂದ ಇದ್ದು ಪರೀಕ್ಷೆ ಹತ್ರ ಬಂದಾಗ ಒಂದು ರಾತ್ರಿ ಅಂಗೈ ತುಂಬಾ ಕಿತ್ತು ಕೂತಿರಬಹುದು. ಆವತ್ತು ನಿಮ್ಮ ಮುಖ ಹೇಗಿರ್ತದೆ ಅನ್ನುದು ಮುಖ್ಯ. ಆ ಪಟ್ಟಿ, ಆ ಸ್ಕಾರ್ಫ್ ಮತ್ತೆ ಹೊರಗೆ ತೆಗೆದ್ರೆ ಆಯ್ತು, ಮೊದಲಿಂದ ಶುರು ಮಾಡುದೇನಲ್ಲ.

ಇನ್ನು ತಂಗಿ ಮದುವೆ. ಡಿಸೆಂಬರಿಗೆ ನಾಲ್ಕು ತಿಂಗಳು ಉಂಟು, ತಲೆಕೂದಲು ತಿಂಗಳಿಗೆ ಹೆಚ್ಚುಕಮ್ಮಿ ಒಂದು ಸೆಂಟಿಮೀಟರ್ ಬೆಳೀತದೆ, ಅಂದ್ರೆ ಎಲ್ಲ ಸರಿ ಹೋದ್ರೂ ಆ ಜಾಗದಲ್ಲಿ ನಾಲ್ಕು ಸೆಂಟಿಮೀಟರ್, ಹುಡುಗರ ಕಟಿಂಗಿನ ಹಾಗೆ. ಅದು ಜಡೆಗೆ ಸೇರುದಿಲ್ಲ, ಕುತ್ತ ನಿಲ್ತದೆ. ಆದ್ದರಿಂದ "ಮದುವೆಗೆ ಸರಿ ಆಗ್ತದೆ" ಅಂತ ಅವಳಿಗೂ ಹೇಳಬೇಡಿ, ನೀವೂ ಅಂದ್ಕೊಳ್ಳಬೇಡಿ. ಮೇಲಿನ ಕೂದಲನ್ನು ಬಲದಿಂದ ಎಡಕ್ಕೆ ಬಾಚಿ ಹಿಂದೆ ತುರುಬು ಕಟ್ಟಿದ್ರೆ ಮುಚ್ಚುತ್ತದಾ ಅಂತ ಒಂದು ಆದಿತ್ಯವಾರ ಕನ್ನಡಿ ಮುಂದೆ ಇಬ್ಬರೇ ಕೂತು ನೋಡಿ, ಒಂದು ಚೆಂಡು ಮಲ್ಲಿಗೆ ತಂದು ಆ ತುರುಬಿಗೆ ಸುತ್ತಿ ನೋಡಿ. ಬೇಡ ಅಂದ್ರೆ ಬೇಡ, ಆ ಮಲ್ಲಿಗೆ ನೀವೇ ಮುಡೀರಿ.