ಅವ್ವನ ಕಂದೂರಿ, ಮಗನ ವೀಗನ್ ಊಟ

ಪ್ರಶ್ನೆ: ನನಗೆ 27 ವರ್ಷ. ಊರು ಆಳಂದ ತಾಲೂಕಿನ ಒಂದು ಹಳ್ಳಿ. ಕಲಬುರಗಿಯಲ್ಲಿ ರೂಮ್ ಮಾಡಿಕೊಂಡಿದ್ದೇನೆ. ಈ ವರ್ಷ ಸರ್ಕಾರಿ ನೌಕರಿ ಸಿಕ್ಕಿತು. ಎಮ್ಮೆ ಹಾಲು ಮಾರಿ ಅವ್ವ ನನ್ನನ್ನು ಓದಿಸಿದ್ದಾಳೆ. ಬೆಂಗಳೂರಿನಲ್ಲಿ ಓದುವಾಗ ಗೆಳೆಯರ ಜೊತೆ ಸೇರಿ ವೀಗನ್ ಆದೆ. ಎರಡು ವರ್ಷದಿಂದ ಮಾಂಸ, ಮೊಟ್ಟೆ, ಹಾಲು, ಮೊಸರು, ತುಪ್ಪ ಯಾವುದೂ ಇಲ್ಲ. ನನಗೆ ನೌಕರಿ ಸಿಕ್ಕರೆ ದರ್ಗಾಕ್ಕೆ ಕಂದೂರಿ (ಹೋತ ಕಡಿದು ಎಲ್ಲರಿಗೂ ಉಣಿಸುವುದು) ಮಾಡುತ್ತೇನೆಂದು ಅವ್ವ ಹರಕೆ ಹೊತ್ತಿದ್ದಳು. ಅದಕ್ಕೆಂದೇ ಹೋತ ಸಾಕಿದ್ದಾಳೆ. ನನ್ನ ಹೆಸರಲ್ಲಿ ಒಂದು ಜೀವ ತೆಗೆಯುವುದು ನನಗೆ ಒಪ್ಪಿಗೆಯಿಲ್ಲ, ನಾನು ಬರಲ್ಲ ಎಂದೆ. ಅವ್ವ ಮಾತು ಬಿಟ್ಟಿದ್ದಾಳೆ. ಅಣ್ಣ ‘ದೊಡ್ಡ ಜಾತಿಯವರಂಗ ಮಾತಾಡ್ಲಾಕತ್ತಿ’ ಎನ್ನುತ್ತಾನೆ. ಅವನ ಮಕ್ಕಳಿಗೆ ಶಾಲೆಯ ಮೊಟ್ಟೆ ಬಿಡಿಸು ಎಂದಿದ್ದಕ್ಕೂ ಜಗಳವಾಯಿತು. ಇತ್ತೀಚೆಗೆ ಸುಸ್ತು ಜಾಸ್ತಿ, ಪಾದ ಜುಮ್ ಅನ್ನುತ್ತದೆ. ಟೆನ್ಷನ್‌ಗೆ ಇರಬೇಕು. ನಾನು ಏನು ಮಾಡಲಿ?
– ಹೆಸರು ಬೇಡ, ಕಲಬುರಗಿ

ಉತ್ತರ: ಮೊದಲು ನಿಮ್ಮ ಪಾದದ ಮಾತು. ಪತ್ರದ ಕೊನೆಯಲ್ಲಿ ಸುಮ್ನೆ ಸೇರಿಸಿದ್ದೀರಿ, ಆದರೆ ಈ ವಾರವೇ ಮಾಡಬೇಕಾದ ಕೆಲಸ ಅಲ್ಲೇ ಇದೆ. ನಾಳೆಯೇ ಡಾಕ್ಟರ್ ಹತ್ತಿರ ಹೋಗಿ, ಎರಡು ವರ್ಷದಿಂದ ಹಾಲು, ಮೊಟ್ಟೆ ಮುಟ್ಟಿಲ್ಲ ಎಂದು ಬಾಯಿಬಿಟ್ಟು ಹೇಳಿ. ವಿಟಮಿನ್ ಬಿ12 ಪರೀಕ್ಷೆ ಮಾಡಿಸಿ. ಜೊತೆಗೆ ಶುಗರ್ ಕೂಡ ನೋಡಿಸಿ, ಅದರಿಂದಲೂ ಪಾದ ಜುಮ್ ಅನ್ನಬಹುದು.

ಬಿ12 ಅನ್ನು ಗಿಡಗಳು ಮಾಡುವುದಿಲ್ಲ, ಬ್ಯಾಕ್ಟೀರಿಯಾ ಮಾಡುತ್ತವೆ. ನಮಗೆ ಅದು ಸಿಗುವುದು ಮಾಂಸ, ಮೀನು, ಮೊಟ್ಟೆ, ಹಾಲಿನ ಮೂಲಕ. ದಿನಕ್ಕೆ ಬೇಕಾದ್ದು 2ರಿಂದ 2.5 ಮೈಕ್ರೋಗ್ರಾಂ ಮಾತ್ರ, ಆದರೆ ಅಷ್ಟು ಬೇಕೇ ಬೇಕು. ಲಿವರ್‌ನಲ್ಲಿ ಒಂದಿಷ್ಟು ದಾಸ್ತಾನು ಇರುವುದರಿಂದ ಬಿಟ್ಟ ತಕ್ಷಣ ಏನೂ ಗೊತ್ತಾಗುವುದಿಲ್ಲ. ಅದು ಕರಗಿದ ಮೇಲೆ ಸುಸ್ತು, ಮರೆವು, ಕೈಕಾಲು ಜುಮ್ಮೆನ್ನುವುದು ಶುರುವಾಗುತ್ತದೆ. ತುಂಬಾ ದಿನ ಬಿಟ್ಟರೆ ನರಕ್ಕೆ ಆದ ಹಾನಿ ಪೂರ್ತಿ ವಾಸಿಯಾಗದೇ ಇರಬಹುದು. ರಕ್ತ ಕಡಿಮೆ ಇದೆ ಎಂದುಕೊಂಡು ಅಂಗಡಿಯಿಂದ ಬರೀ ಫೋಲಿಕ್ ಆಸಿಡ್ ತಂದು ನುಂಗಬೇಡಿ. ರಕ್ತ ಸುಧಾರಿಸಿದಂತೆ ಕಾಣುತ್ತದೆ, ಒಳಗೆ ನರ ಹಾಳಾಗುತ್ತಲೇ ಇರುತ್ತದೆ. ಬಿ12 ಅಂಬಲಿಯಲ್ಲಿ ಇದೆ, ಇಡ್ಲಿ ಹಿಟ್ಟಿನಲ್ಲಿ ಇದೆ, ಸ್ಪಿರುಲಿನಾ ಎಂಬ ಪಾಚಿಯ ಪುಡಿಯಲ್ಲಿ ಇದೆ ಎನ್ನುವವರ ಮಾತೂ ನಂಬಬೇಡಿ.

ಇದಕ್ಕಾಗಿ ನಿಮ್ಮ ನಿಲುವು ಬಿಡಬೇಕಿಲ್ಲ. ಔಷಧಿಯ ಬಿ12 ಕೂಡ ಬ್ಯಾಕ್ಟೀರಿಯಾದಿಂದಲೇ ತಯಾರಾಗುತ್ತದೆ. ಕ್ಯಾಪ್ಸೂಲ್‌ನ ಹೊರಕವಚ ಹೆಚ್ಚಾಗಿ ಪ್ರಾಣಿಗಳ ಮೂಳೆ, ಚರ್ಮದ ಜೆಲಾಟಿನ್‌ನದು, ಹಾಗಾಗಿ ಗುಳಿಗೆಯನ್ನೇ ಕೇಳಿ. ಮಟ್ಟ ತೀರಾ ಇಳಿದಿದ್ದರೆ ಡಾಕ್ಟರ್ ಇಂಜೆಕ್ಷನ್ ಬರೆಯಬಹುದು, ಹಟ ಮಾಡದೆ ತಗೊಳ್ಳಿ.

ಉಳಿದ ಊಟಕ್ಕೆ ನಮ್ಮ ಭಾಗದಲ್ಲಿ ಚಿಂತೆ ಕಡಿಮೆ. ಬೆಂಗಳೂರಿನ ಗೆಳೆಯರು ಬಾದಾಮಿ ಹಾಲು, ಸೋಯಾ ಪನೀರ್ ಹುಡುಕಿಕೊಂಡು ಅಲೆಯಲಿ. ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ (ಚಟ್ನಿಪುಡಿ), ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಎಳ್ಳ ಅಮಾಸಿಯ ಕಾಳು-ಸೊಪ್ಪಿನ ಭಜ್ಜಿ... ಇದರಲ್ಲಿ ಹಾಲೆಲ್ಲಿದೆ? ಜೋಳದಲ್ಲಿ ಲೈಸಿನ್ ಎಂಬ ಪ್ರೋಟೀನ್ ಅಂಶ ಕಡಿಮೆ, ತೊಗರಿ ಬ್ಯಾಳಿಯಲ್ಲಿ ಜಾಸ್ತಿ. ಎರಡನ್ನೂ ಸೇರಿಸಿ ಉಣ್ಣುವುದು ನಮ್ಮ ಹಿರಿಯರ ಕಾಲದಿಂದ ಇದೆ. 2019ರಲ್ಲಿ ಜಿಐ ಟ್ಯಾಗ್ (ಊರಿನ ಹೆಸರಿಗೆ ಸಿಗುವ ಭೌಗೋಳಿಕ ಗುರುತು) ಪಡೆದ ತೊಗರಿ ನಮ್ಮ ಜಿಲ್ಲೆಯದೇ ತಾನೆ? ಮೊಸರು ಬಿಟ್ಟಿದ್ದಕ್ಕೆ ಕ್ಯಾಲ್ಸಿಯಂಗಾಗಿ ಎಳ್ಳು, ರಾಗಿ, ನುಗ್ಗೆಸೊಪ್ಪು ಜಾಸ್ತಿ ಮಾಡಿ. ಊಟದ ಹಿಂದೆಯೇ ಚಹಾ ಕುಡಿಯಬೇಡಿ, ಕಬ್ಬಿಣದ ಅಂಶ ಸರಿಯಾಗಿ ಮೈಗೆ ಹತ್ತುವುದಿಲ್ಲ. ರೂಮಿನಲ್ಲಿ ಒಬ್ಬರೇ ಇದ್ದೀರಿ, ಬ್ರೆಡ್ಡು, ಬಿಸ್ಕತ್ತು, ಮಿರ್ಚಿ ಭಜಿಯಲ್ಲೇ ದಿನ ತಳ್ಳುತ್ತಿದ್ದೀರೇನೋ ಎಂಬ ಅನುಮಾನ ನನಗೆ.

ಇನ್ನು ನಿಮ್ಮ ತತ್ವ. ಅದನ್ನು ನಾನು ತಳ್ಳಿಹಾಕುವುದಿಲ್ಲ. ಎಮ್ಮೆ ಈದರೆ ತಾನೆ ಹಾಲು? ಹುಟ್ಟಿದ್ದು ಗಂಡುಕರುವಾದರೆ ಅದರ ಗತಿ ಏನೆಂದು ಹಳ್ಳಿಯಲ್ಲಿ ಬೆಳೆದ ನಿಮಗೆ ಹೇಳಬೇಕಿಲ್ಲ. ಹೊಲಕ್ಕೆ ಟ್ರ್ಯಾಕ್ಟರ್ ಬಂದ ಮೇಲಂತೂ ಅದನ್ನು ಸಾಕುವವರೇ ಇಲ್ಲ. ಹಾಗಾಗಿ ಹಾಲು, ತುಪ್ಪ ಉಂಡು ‘ನಾವು ಹಿಂಸೆ ಮಾಡಲ್ಲ’ ಎನ್ನುವವರಿಗಿಂತ ನಿಮ್ಮ ಲೆಕ್ಕ ಪ್ರಾಮಾಣಿಕ. ಪರಿಸರದ ವಿಷಯದಲ್ಲೂ ನಿಮ್ಮ ಕಡೆಗೇ ತೂಕ. 119 ದೇಶಗಳ ಸುಮಾರು 38,700 ಫಾರ್ಮ್‌ಗಳ ಮಾಹಿತಿ ಸೇರಿಸಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬೇಳೆಕಾಳುಗಳು ಮಾಂಸ, ಹಾಲಿಗಿಂತ ಭೂಮಿಗೆ ಎಷ್ಟೋ ಹಗುರ ಎಂದು ಕಂಡಿತು. ಆದರೆ ಆ ಸರಾಸರಿ ಹಿಡಿದುಕೊಂಡು ಅವ್ವನ ಹಟ್ಟಿಗೆ ಹೋಗಬೇಡಿ. ಅವಳ ಆಡು ಭೂಮಿಯನ್ನು ಬಿಸಿ ಮಾಡುವ ಮೀಥೇನ್ ಅನಿಲ ಬಿಡುತ್ತದೆ, ನಿಜ. ಆದರೆ ಅದು ಮೇಯುವುದು ಬೇಲಿಯ ಸೊಪ್ಪು, ತೊಗರಿ ಹೊಟ್ಟು. ಅದಕ್ಕಾಗಿ ಯಾರೂ ಕಾಡು ಕಡಿದಿಲ್ಲ. ತೊಗರಿ ದುಡ್ಡು ವರ್ಷಕ್ಕೊಮ್ಮೆ, ಅದೂ ಮಳೆ ಆದರೆ. ಹಾಲಿನ ದುಡ್ಡು ದಿನಾ ಬರುತ್ತದೆ. ನಿಮ್ಮ ಫೀಸು ಕಟ್ಟಿದ್ದು ಅದರಿಂದಲೇ ಅಲ್ವಾ?

ಅಣ್ಣನ ಮಾತಿಗೆ ನಿಮಗೆ ಸಿಟ್ಟು ಬಂದಿದೆ. ನನಗೆ ಅವನ ಮಾತು ಅರ್ಥವಾಗುತ್ತದೆ. ಇಲ್ಲಿ ಬಾಡಿಗೆ ಮನೆ ಕೇಳಲು ಹೋದರೆ ಮೊದಲ ಪ್ರಶ್ನೆ ‘ನೀವು ತಿನ್ನೋರಾ?’ ಏನು ತಿನ್ನೋರು ಎಂದು ಬಿಡಿಸಿ ಹೇಳುವುದೂ ಇಲ್ಲ. ಹೌದು ಎಂದರೆ ಮನೆ ಇಲ್ಲ. ಈ ಪ್ರಶ್ನೆ ಕೇಳಿಸಿಕೊಂಡೇ ದೊಡ್ಡವರಾದವರ ಮನೆಯಲ್ಲಿ, ಓದಿ ನೌಕರಿ ಹಿಡಿದ ಮಗ ನಮ್ಮ ಊಟ ಪಾಪ ಎಂದರೆ ಅವರಿಗೆ ಕೇಳುವುದು ಪ್ರಾಣಿದಯೆ ಅಲ್ಲ, ಆ ಹಳೆಯ ಪ್ರಶ್ನೆಯೇ. ನಿಮ್ಮ ಮನಸ್ಸಿನಲ್ಲಿ ಹಾಗಿಲ್ಲ, ಗೊತ್ತು. ಅದನ್ನು ಅವರಿಗೆ ಬಾಯಿಬಿಟ್ಟು ಹೇಳಿ. ‘ನಿಮ್ಮ ಊಟ ಕೀಳು ಅಂತ ನಾ ಅಂದಿಲ್ಲ, ನನಗ ಆಗವಲ್ದು ಅಷ್ಟೇ’ ಅನ್ನಿ. ಕರುವಿನ ಕಥೆ, ಮೀಥೇನ್ ಕಥೆ ಅವತ್ತು ಬೇಡ.

ಕಂದೂರಿಗೆ ಬರೋಣ. ಬೇರೆ ಕಡೆಯ ಓದುಗರಿಗೆ ಒಂದು ಮಾತು: ನಮ್ಮಲ್ಲಿ ಹಿಂದೂಗಳೂ ದರ್ಗಾಕ್ಕೆ ಬೇಡಿಕೊಂಡು ಕಂದೂರಿ ಮಾಡುತ್ತಾರೆ. ಹೋತ ಕಡಿದು ಅಡುಗೆ ಮಾಡಿ, ಓದಿಕೆ (ದರ್ಗಾದಲ್ಲಿ ಪ್ರಾರ್ಥನೆ) ಮಾಡಿಸಿ, ಬಂಧು-ಬಳಗ, ಓಣಿಯವರಿಗೆಲ್ಲ ಉಣಿಸುತ್ತಾರೆ. ಹರಕೆ ತೀರಿಸದಿದ್ದರೆ ಮಗನಿಗೆ ಕೇಡಾಗುತ್ತದೆ ಎಂಬ ಭಯ ಅವ್ವನದು. ಆ ಭಯವನ್ನು ವಾದದಿಂದ ಗೆಲ್ಲಲು ಆಗುವುದಿಲ್ಲ.

ನಿಮ್ಮ ಹೆಸರಲ್ಲಿ ನಡೆಯುವುದರಿಂದ ಒಂದು ಸಲ ಕೇಳುವ ಹಕ್ಕು ನಿಮಗಿದೆ. ಹೋತ ಕೊಡುತ್ತೇನೆ ಎಂದೇ ಬೇಡಿಕೊಂಡಿದ್ದಾಳಾ, ಊಟ ಹಾಕುತ್ತೇನೆ ಎಂದಾ? ಕೇಳಿ. ಎಷ್ಟೋ ಜನ ಸಕ್ಕರೆ ಓದಿಸುತ್ತಾರೆ, ಮಲೀದಾ ಎಂಬ ಸಿಹಿ ಮಾಡಿ ಹಂಚುತ್ತಾರೆ. ದರ್ಗಾದ ಹಿರಿಯರನ್ನು ಅವ್ವನ ಜೊತೆಯೇ ಹೋಗಿ ಕೇಳಿ. ‘ಸಿಹಿ ಮಾಡಿದರೂ ನಡೀತದ, ತಾಯಿ’ ಎಂದು ಅವರು ಹೇಳಿದರೆ ಅವ್ವ ಒಪ್ಪಬಹುದು. ಓಣಿಯವರ ಊಟದ ಖರ್ಚು ನಿಮ್ಮ ಸಂಬಳದಿಂದ ಹೋಗಲಿ.

ಒಪ್ಪದಿದ್ದರೆ ಮತ್ತೆ ಪೀಡಿಸಬೇಡಿ. ಹರಕೆ ಅವಳದು, ಸಾಕಿದ ಹೋತವೂ ಅವಳದೇ. ಕಡಿಯುವ ಹೊತ್ತಿಗೆ ಅಲ್ಲಿರಲು ಆಗದಿದ್ದರೆ ಬೇಡ. ಓದಿಕೆಗೆ ಹೋಗಿ, ಅವ್ವನ ಪಕ್ಕದಲ್ಲಿ ನಿಲ್ಲಿ, ನೀರು ಬಡಿಸಿ, ನಿಮ್ಮ ತಾಟಿಗೆ ಅನ್ನ, ಬ್ಯಾಳಿ ಹಾಕಿಕೊಳ್ಳಿ. ಯಾರಾದರೂ ಕೆಣಕಿದರೆ ‘ಡಾಕ್ಟರ್ ಬ್ಯಾಡ ಅಂದಾರ’ ಎಂಬ ಸುಳ್ಳು ಹೇಳಬೇಡಿ, ಮುಂದಿನ ಸಲ ಸಿಕ್ಕಿಬೀಳುತ್ತೀರಿ. ಹಾಗೆ ಹೋಗುವುದರಿಂದ ನಿಮ್ಮ ತತ್ವಕ್ಕೆ ಸೋಲಾಯಿತು ಎಂದು ಬೆಂಗಳೂರಿನ ಗೆಳೆಯರು ಅಂದರೆ, ಅನ್ನಲಿ ಬಿಡಿ.

ಅಣ್ಣನ ಮಕ್ಕಳ ಮೊಟ್ಟೆಯ ವಿಷಯದಲ್ಲಿ ನಾನು ಪೂರ್ತಿ ಅಣ್ಣನ ಕಡೆ. 2021ರ ಡಿಸೆಂಬರ್‌ನಲ್ಲಿ ಬೀದರ್, ಕಲಬುರಗಿ, ಯಾದಗಿರಿ ಕಡೆಯ ಶಾಲೆಗಳಲ್ಲಿ ಮೊದಲು ಮೊಟ್ಟೆ ಶುರುವಾಗಿದ್ದು ಇಲ್ಲಿನ ಮಕ್ಕಳಲ್ಲಿ ಅಪೌಷ್ಟಿಕತೆ ಜಾಸ್ತಿ ಇದ್ದುದರಿಂದ. ಬಿ12 ಗುಳಿಗೆ ನೆನಪಿಟ್ಟು ನುಂಗುವುದು ಎರಡು ವರ್ಷ ನಿಮಗೇ ಆಗಲಿಲ್ಲ, ಬೆಳೆಯುವ ಮಕ್ಕಳ ಊಟದಲ್ಲಿ ಕೈ ಹಾಕಬೇಡಿ. ಮೊಟ್ಟೆ ಒಲ್ಲೆ ಎನ್ನುವ ಮಕ್ಕಳಿಗೆ ಶಾಲೆಯಲ್ಲಿ ಬಾಳೆಹಣ್ಣು ಕೊಡುತ್ತಾರೆ. ಬೇಕಾದರೆ ಮುಂದೆ ಅವರೇ ಕೇಳಿಕೊಳ್ಳುತ್ತಾರೆ.