ಇನ್ಸುಲಿನ್ ಪ್ರಮಾಣ ಇಳಿಯುತ್ತಿದೆ ಎಂದರೆ ಮಗುವಿನ ಮಧುಮೇಹ ಗುಣವಾಗುತ್ತಿದೆ ಎಂದೇ?

ನಿಮ್ಮ ಏಳು ವರ್ಷದ ಮಗನಿಗೆ ಟೈಪ್ 1 ಮಧುಮೇಹ ಪತ್ತೆಯಾಗಿ ಎರಡು ತಿಂಗಳಾಗಿದೆ, ಇನ್ಸುಲಿನ್ ಪ್ರಮಾಣ ತಾನಾಗಿಯೇ ಇಳಿಯುತ್ತಿದೆ, ಕಾಯಿಲೆ ಪೂರ್ತಿ ಗುಣವಾಗುತ್ತದೆಂದು ನಂಬಬಹುದೇ ಎಂದು ಕೇಳಿದ್ದೀರಿ. ನನ್ನ ಮಗಳಿಗೆ ಆರನೆಯ ವಯಸ್ಸಿನಲ್ಲಿ ಇದೇ ಕಾಯಿಲೆ ಬಂದಿತು, ಈಗ ಅವಳಿಗೆ ಹದಿಮೂರು. ವೈದ್ಯಳಾಗಿ ಅಲ್ಲ, ತಾಯಿಯಾಗಿ ಉತ್ತರಿಸುತ್ತಿದ್ದೇನೆ.

ಈ ಇಳಿಕೆ ಗುಣವಾಗುವಿಕೆಯಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ನಾಶ ಮಾಡುವುದರಿಂದ ಈ ಕಾಯಿಲೆ ಬರುತ್ತದೆ. ಹೊರಗಿನಿಂದ ಇನ್ಸುಲಿನ್ ಕೊಡಲು ಆರಂಭಿಸಿದಾಗ ಅಳಿದುಳಿದ ಕೋಶಗಳು ಚೇತರಿಸಿಕೊಂಡು ಕೆಲವು ಕಾಲ ಕೆಲಸ ಮಾಡುತ್ತವೆ. ವೈದ್ಯರು ಇದನ್ನು ಹನಿಮೂನ್ ಅವಧಿ ಎನ್ನುತ್ತಾರೆ. ನಮ್ಮ ಮನೆಯಲ್ಲಿ ದಿನಕ್ಕೆ ಹದಿನಾಲ್ಕು ಯೂನಿಟ್ ಇದ್ದದ್ದು ಐದಕ್ಕೆ ಇಳಿದಾಗ, ಅದೇ ಹೊತ್ತಿಗೆ ಸಂಬಂಧಿಕರೊಬ್ಬರು ತಂದುಕೊಟ್ಟಿದ್ದ ನಾಟಿ ಪುಡಿಯೇ ಅದಕ್ಕೆ ಕಾರಣವೆಂದು ಎಲ್ಲರೂ ನಂಬಿದೆವು. ಸೂಜಿ ನಿಲ್ಲಿಸಿ ಎಂದು ಅವರು ಹೇಳಿದರು, ನಾವು ನಿಲ್ಲಿಸಿದೆವು. ಆರನೆಯ ದಿನ ಬೆಳಗ್ಗೆ ಮಗು ವಾಂತಿ ಮಾಡಿಕೊಂಡು ಏದುಸಿರು ಬಿಡುತ್ತಿತ್ತು, ಉಸಿರಿನಲ್ಲಿ ಕೊಳೆತ ಹಣ್ಣಿನ ವಾಸನೆಯಿತ್ತು. ನಾಲ್ಕು ದಿನ ಐಸಿಯುವಿನ ಹೊರಗೆ ಕುಳಿತೆ. ಆದ್ದರಿಂದ ಕೈಮುಗಿದು ಹೇಳುತ್ತೇನೆ, ದಿನಕ್ಕೆ ಒಂದೇ ಯೂನಿಟ್ ಸಾಕಾಗುವ ಸ್ಥಿತಿ ಬಂದರೂ ವೈದ್ಯರನ್ನು ಕೇಳದೆ ಆ ಒಂದನ್ನು ಬಿಡಬೇಡಿ.

ಹಾಗಾದರೆ ಭರವಸೆಯೇ ಇಲ್ಲವೇ? ಇದೆ, ಅದೂ ಗಟ್ಟಿಯಾದದ್ದು. ಅಮೆರಿಕದ ವರ್ಟೆಕ್ಸ್ ಕಂಪನಿ ಕಾಂಡಕೋಶಗಳಿಂದ (ಸ್ಟೆಮ್ ಸೆಲ್) ಬೆಳೆಸಿದ, ಇನ್ಸುಲಿನ್ ತಯಾರಿಸುವ ಕೋಶಗಳನ್ನು ಪೂರ್ಣ ಪ್ರಮಾಣದಲ್ಲಿ ಪಡೆದ 12 ಮಂದಿಯಲ್ಲಿ 10 ಮಂದಿ ಒಂದು ವರ್ಷದ ಬಳಿಕ ಇನ್ಸುಲಿನ್ ಚುಚ್ಚಿಕೊಳ್ಳಬೇಕಾಗಿರಲಿಲ್ಲ ಎಂಬ ವರದಿ 2025ರಲ್ಲಿ ಪ್ರಕಟವಾಯಿತು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆದರೆ ಅವರೆಲ್ಲ ವಯಸ್ಕರು, ಮೇಲಾಗಿ ದೇಹವು ಆ ಕೋಶಗಳನ್ನು ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆಗಳನ್ನು ನುಂಗುತ್ತಲೇ ಇರಬೇಕು. ಬೆಳೆಯುವ ಮಗುವನ್ನು ಸೂಜಿಯಿಂದ ಬಿಡಿಸಿ ಸೋಂಕುಗಳ ಬಾಯಿಗೆ ಒಡ್ಡಲು ನಾನಂತೂ ಒಪ್ಪಲಾರೆ. ನನ್ನ ಕಣ್ಣು ನೆಟ್ಟಿರುವುದು ಸ್ವೀಡನ್ನಿನ ಉಪ್ಸಾಲಾದ ಪ್ರಯೋಗದ ಮೇಲೆ. ದಾನಿಯಿಂದ ಪಡೆದು, ರಕ್ಷಣಾ ವ್ಯವಸ್ಥೆಯ ಕಣ್ಣಿಗೆ ಬೀಳದಂತೆ ಜೀನ್ ತಿದ್ದಿದ ಕೋಶಗಳನ್ನು ಅಲ್ಲಿ ಒಬ್ಬರ ಮುಂದೋಳಿನ ಸ್ನಾಯುವಿನಲ್ಲಿ ಇರಿಸಿದಾಗ, ಅಂಥ ಮಾತ್ರೆಗಳಿಲ್ಲದೆಯೇ ಅವು ಉಳಿದು ಇನ್ಸುಲಿನ್ ತಯಾರಿಸಿದವು. ಕೊಟ್ಟ ಪ್ರಮಾಣ ಚಿಕ್ಕದಾದ್ದರಿಂದ ಅವರಿಗೆ ಇಂಜೆಕ್ಷನ್ ತಪ್ಪಲಿಲ್ಲ.

ಅಂಥ ಚಿಕಿತ್ಸೆ ಮಕ್ಕಳವರೆಗೆ ಬಂದ ದಿನ ಅದನ್ನು ಪಡೆಯುವ ಕಣ್ಣು, ಮೂತ್ರಪಿಂಡಗಳು ನೆಟ್ಟಗಿರಬೇಕಲ್ಲವೇ? ಸಕ್ಕರೆಯನ್ನು ಬಿಗಿಯಾಗಿ ಹಿಡಿತದಲ್ಲಿಟ್ಟರೆ ಈ ಅಂಗಗಳಿಗಾಗುವ ಹಾನಿ ಬಹಳ ಕಡಿಮೆಯಾಗುತ್ತದೆಂದು 1,441 ಮಂದಿಯ ಮೇಲೆ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ರಾತ್ರಿ ಎರಡು ಗಂಟೆಗೆ ಅಲಾರಂ ಹೊಡೆದಾಗ, ನಿದ್ದೆಯಲ್ಲೇ ಅವಳು ಚಾಚುವ ಬೆರಳಿನ ತುದಿಯ ಕಪ್ಪು ಚುಕ್ಕೆಗಳ ನಡುವೆ ಹೊಸ ಜಾಗ ಹುಡುಕುವಾಗ, ನನ್ನನ್ನು ಎಬ್ಬಿಸಿ ಕೂರಿಸುವುದು ಆ ಲೆಕ್ಕಾಚಾರವೇ.

ನಾನು ಮಾಡಿದ ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ. “ಅಮ್ಮಾ, ಇದು ಯಾವಾಗ ಹೋಗುತ್ತೆ?” ಎಂದು ಅವಳು ಮೊದಲ ಸಲ ಕೇಳಿದಾಗ, ಸಮಾಧಾನಕ್ಕೆಂದು “ನಿನಗೆ ಹತ್ತು ತುಂಬುವಷ್ಟರಲ್ಲಿ” ಎಂದಿದ್ದೆ. ಹತ್ತನೆಯ ಹುಟ್ಟುಹಬ್ಬದ ಬೆಳಗ್ಗೆ ಇನ್ಸುಲಿನ್ ಪೆನ್ ಹಿಡಿದು ಹೋದಾಗ ಅವಳು ಏನೂ ಕೇಳಲಿಲ್ಲ, ನನ್ನ ಮುಖವನ್ನು ನೋಡಿ ಹೊಟ್ಟೆಯ ಮೇಲಿನ ಬಟ್ಟೆ ಸರಿಸಿದಳು. ಅಂದಿನಿಂದ ನಾನು ಇಸವಿ ಹೇಳುವುದನ್ನು ಬಿಟ್ಟಿದ್ದೇನೆ. ಹೊಸ ಸುದ್ದಿ ಬಂದಾಗ ಇಬ್ಬರೂ ಕೂತು ಓದುತ್ತೇವೆ, ಎಷ್ಟು ಜನರ ಮೇಲೆ ಪ್ರಯೋಗವಾಯಿತು, ಅವರಲ್ಲಿ ಮಕ್ಕಳಿದ್ದರೇ ಎಂದು ಈಗ ಅವಳೇ ಮೊದಲು ಹುಡುಕುತ್ತಾಳೆ.